ಎಲ್ಲರ ಬ್ಯಾಗೂ ಬಿಚ್ಚಿಸಿ

ನಗರದ ಹಳೆಯ ದೊಡ್ಡ ಹೋಟೆಲಿಗೆ ಹೊಸ ಒಳಾಂಗಣ ರೂಪಿಸುವ ಕೆಲಸ ತನಗೆ ಸಿಕ್ಕಿದ್ದನ್ನು ತಂಗಿ ಅಕ್ಕನಿಗೆ ಹೇಳಲಿಲ್ಲ. ಅಕ್ಕನ ಎದುರು ಆ ಹೋಟೆಲಿನ ಸುದ್ದಿ ಎತ್ತುವಂತಿರಲಿಲ್ಲ.

ಹರೆಯದಲ್ಲಿ ಅಕ್ಕ ಅಲ್ಲಿ ಕೋಣೆಗಳ ಹಾಸಿಗೆ ಸಜ್ಜು ಮಾಡುತ್ತಿದ್ದಳು. ಅತಿಥಿಯೊಬ್ಬರ ಉಂಗುರ ಕಾಣೆಯಾದ ದಿನ ಮ್ಯಾನೇಜರ್ ಅವಳನ್ನು ಹಜಾರದ ನಡುವೆ ನಿಲ್ಲಿಸಿ, ಜನ ನೋಡುತ್ತಿದ್ದಂತೆಯೇ ಚೀಲ ಸುರಿಸಿ, ಚಪ್ಪಲಿ ಬಿಚ್ಚಿಸಿ, ಕೊನೆಗೆ ಜಡೆಯನ್ನೂ ಬಿಚ್ಚಿಸಿದ. ಉಂಗುರ ಆ ಅತಿಥಿಯ ಕೋಟಿನ ಜೇಬಲ್ಲೇ ಸಿಕ್ಕಿತು. ತಪ್ಪಾಯಿತು ಅನ್ನುವ ಬದಲು ಅವನು, “ಹಿಂದಿನ ಬಾಗಿಲಿಂದ ಹೋಗು” ಎಂದ. ಸುದ್ದಿ ಬಾಯಿಂದ ಬಾಯಿಗೆ ಹಬ್ಬಿ ಗೊತ್ತಾಗಿದ್ದ ಮದುವೆಯೂ ಮುರಿಯಿತು. ಆಮೇಲೆ ಅಕ್ಕ ಹೊಸ್ತಿಲು ದಾಟಿದ್ದೇ ಅಪರೂಪ. ಹೊಲಿಗೆ ಯಂತ್ರದ ಮುಂದೆ ಕೂತೇ ತಂಗಿಯನ್ನು ಓದಿಸಿದಳು.

ಮ್ಯಾನೇಜರ್ ಈಗಲೂ ಅವನೇ, ತಲೆ ಮಾತ್ರ ನರೆತಿತ್ತು. ತಂಗಿಯ ಗುರುತು ಅವನಿಗೆ ಎಲ್ಲಿಂದ ಸಿಗಬೇಕು? “ಮೇಡಂ, ಮೇಡಂ” ಎಂದು ಹಿಂದೆ ಮುಂದೆ ಸುತ್ತುತ್ತಿದ್ದ. ಅವಳು ನಗುನಗುತ್ತಲೇ ಕೆಲಸ ಮಾಡಿಸಿದಳು. ಕಂದಿದ್ದ ಅಮೃತಶಿಲೆ ಹೊಳೆಯಿತು. ಭಾರದ ಪರದೆಗಳು ಇಳಿದು ಗಾಜಿನ ಗೋಡೆ ಎದ್ದಿತು. ಹೊಟ್ಟೆಯೊಳಗಿನ ಕೆಂಡ ಮಾತ್ರ ಆರಲಿಲ್ಲ.

ಉದ್ಘಾಟನೆಯ ಬೆಳಿಗ್ಗೆ ಅವನು ಕನ್ನಡಿಯ ಮುಂದೆ ಟೈ ಸರಿಮಾಡಿಕೊಳ್ಳುತ್ತಿದ್ದಾಗ, ಕೌಂಟರಿನ ಮೇಲಿದ್ದ ಬೆಳ್ಳಿ ಗಂಟೆಯನ್ನು ಅವನ ಬ್ಯಾಗಿಗೆ ಇಳಿಬಿಟ್ಟಳು. ಹೋಟೆಲು ಕಟ್ಟಿಸಿದವರ ಕಾಲದ ಗಂಟೆ ಅದು. ಅತಿಥಿಗಳು ತುಂಬುವ ಹೊತ್ತಿಗೆ ಮಾಲೀಕರು ಅದನ್ನು ಹುಡುಕತೊಡಗಿದರು.

“ಎಲ್ಲರ ಬ್ಯಾಗೂ ಬಿಚ್ಚಿಸಿ, ಇಲ್ಲೇ!” ಮ್ಯಾನೇಜರ್ ಗುಡುಗಿದ. “ಕೆಲಸದವರನ್ನ ನಂಬೋಕಾಗುತ್ತಾ?”

“ನಿಮ್ಮದೂ ತೋರಿಸಿಬಿಡಿ ಸರ್,” ಎಂದಳು ತಂಗಿ. “ಇಲ್ದಿದ್ರೆ ಕೆಲಸದವರು ಏನಂದ್ಕೋತಾರೆ?”

“ಅದಕ್ಕೇನಂತೆ!” ಎಂದು ತಾನೇ ಬ್ಯಾಗು ಸುರಿದ. ಗಂಟೆ ಠಣ್ಣೆಂದು ನೆಲಕ್ಕೆ ಬಿತ್ತು.

“ದೇವರಾಣೆ, ನಾನಲ್ಲ…”

“ಇಷ್ಟು ವರ್ಷದಲ್ಲಿ ಇನ್ನೇನೇನು ಹೋಗಿದೆಯೋ!” ಎಂದರು ಮಾಲೀಕರು. ಕಾವಲುಗಾರ ಅವನ ಕೋಟು, ಬೂಟು ಎರಡನ್ನೂ ಬಿಚ್ಚಿಸಿದ. ಅಲ್ಲಿಗೆ ಅವನ ನೌಕರಿಯೂ ಹೋಯಿತು.

ತಂಗಿ ಅವನ ಕಿವಿಯ ಬಳಿ ಬಾಗಿದಳು. “ಹಿಂದಿನ ಬಾಗಿಲಿಂದ ಹೋಗಿ. ನಮ್ಮಕ್ಕನೂ ಹಾಗೇ ಹೋಗಿದ್ಲು.”

“ಯಾವ ಅಕ್ಕ?” ಎಂದ ಅವನು. ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ಅವಳಿಗೆ ಇನ್ನಷ್ಟು ಮೈ ಉರಿಯಿತು.

ಮನೆಗೆ ಬಂದು ನಡೆದದ್ದನ್ನೆಲ್ಲ ಅಕ್ಕನಿಗೆ ಒಂದನ್ನೂ ಬಿಡದೆ ಒಪ್ಪಿಸಿದಳು. ಅಕ್ಕ ಯಂತ್ರ ನಿಲ್ಲಿಸಿ ಕೇಳಿದಳು. “ಜನ ಇದ್ರಾ?”

“ಹಜಾರ ತುಂಬ.”

“ಇನ್ನೊಂದ್ಸಲ ಹೇಳು.”

ಮರುದಿನ ಅಕ್ಕ ಒಳ್ಳೆಯ ಸೀರೆ ಉಟ್ಟು, ತಂಗಿಯ ಜೊತೆ ಮುಂದಿನ ಬಾಗಿಲಿಂದಲೇ ಒಳಗೆ ನಡೆದಳು. ಹಜಾರದ ನಡುವಿನ ಹೊಸ ಸೋಫಾದಲ್ಲಿ ಕೂತು ಕಾಫಿ ತರಿಸಿದಳು. ತಂಗಿ ಮಾತ್ರ ಕಪ್ಪು ಮುಟ್ಟದೆ ಹಿಂದಿನ ಬಾಗಿಲ ಕಡೆ ನೋಡುತ್ತಿದ್ದಳು.

“ಪಾಪ ಅನ್ಸುತ್ತೇನೇ?” ಅಕ್ಕ ಕೇಳಿದಳು.

“ಸ್ವಲ್ಪ.”

“ನಂಗೆ ಅನ್ಸಲ್ಲ,” ಎಂದು ಅಕ್ಕ ತಂಗಿಯ ಕಪ್ಪನ್ನೂ ತನ್ನ ಕಡೆಗೆ ಎಳೆದುಕೊಂಡಳು.