ಒಂಬತ್ತು ವಾರ

ಅಡುಗೆಮನೆಯ ಮೇಜಿನ ಮೇಲೆ ನೀಲಿ ಟವೆಲ್ ಹಾಸಿ ಮರ್ಲೀನ್ ಎರಡನೆಯ ಸಲ ಸಾಮಾನು ಜೋಡಿಸುತ್ತಿದ್ದಳು. ಶಸ್ತ್ರಕ್ರಿಯೆಯ ಚಾಕುವಿನ ಬದಲಿಗೆ ಬೆಣ್ಣೆ ಸವರುವ ಚಾಕು, ನಾಳ ಹಿಡಿಯುವ ಇಕ್ಕಳಗಳ ಬದಲಿಗೆ ಬಟ್ಟೆಯ ಕ್ಲಿಪ್ಪುಗಳು, ಕತ್ತರಿಯ ಬದಲಿಗೆ ಮಗಳ ಶಾಲೆಯ ಕತ್ತರಿ. ಹಿಡಿಗಳೆಲ್ಲ ಒಂದೇ ದಿಕ್ಕಿಗೆ. ಡಾಕ್ಟರು ತಲೆಯೆತ್ತದೆ ಕೈ ಚಾಚುತ್ತಾರೆ, ಕೇಳಿದ್ದು ಅವರ ಅಂಗೈಗೆ ಗಟ್ಟಿಯಾಗಿ ಬಂದು ಕೂರಬೇಕು. ಎದುರಿನ ಕುರ್ಚಿಯಲ್ಲಿ ಮಂಡಿಯೂರಿ ನಿಂತಿದ್ದ ಏಳು ವರ್ಷದ ಟೆಸ್ಸಿಯೇ ಈಗ ಡಾಕ್ಟರು.

"ಕತ್ತರಿ," ಅಂದಳು ಟೆಸ್ಸಿ. ಮರ್ಲೀನಳ ಕೈ ಒಂದು ಕ್ಷಣ ತಡವರಿಸಿತು. "ಲೇಟಾಯ್ತಮ್ಮ. ಪೇಷೆಂಟ್ ಸತ್ತೋದ."

ಅವಳದು ಶಸ್ತ್ರಕ್ರಿಯೆಯ ಸಹಾಯಕಿಯ ಕೋರ್ಸು. ನೂರಿಪ್ಪತ್ತು ಶಸ್ತ್ರಕ್ರಿಯೆಗಳಲ್ಲಿ ಡಾಕ್ಟರ ಪಕ್ಕ ನಿಂತು ಕೈಯಾಸರೆ ಕೊಟ್ಟಿರಬೇಕು, ಆಮೇಲೆ ಪರೀಕ್ಷೆ, ಆಮೇಲೆ ಕೆಲಸ. ಎಂಬತ್ನಾಲ್ಕು ಆಗಿದ್ದವು. ಉಳಿದದ್ದಕ್ಕೆ ಒಂಬತ್ತು ವಾರ ಸಾಕಿತ್ತು. ಫೀಸು ಕೊಟ್ಟದ್ದು ಸೈನಿಕರ ಹೆಂಡತಿಯರ ಓದಿಗೆಂದು ಇರುವ ಸಹಾಯಧನ. ಅದು ಕೆಳಗಿನ ದರ್ಜೆಯವರ ಮನೆಗೆ ಮಾತ್ರ, ಅದೂ ಜನ್ಮದಲ್ಲಿ ಒಂದೇ ಸಲ. ಅರ್ಧಕ್ಕೆ ಬಿಟ್ಟವಳಿಗೆ ಇನ್ನೊಂದು ಸಲ ಅಂತ ಇಲ್ಲ.

ಮೂರು ವಾರದ ಹಿಂದೆ ಅವಳ ಗಂಡ ಡೋರ್ಸಿಗೆ ಟೆಕ್ಸಸ್ಸಿನಿಂದ ಅಲಾಸ್ಕಾಕ್ಕೆ ವರ್ಗದ ಆದೇಶ ಬಂದಿತ್ತು. ಅಲ್ಲಿ ಆ ಕೋರ್ಸು ಇರಲಿಲ್ಲ. ಇಲ್ಲಿಯ ಲೆಕ್ಕವನ್ನು ಅಲ್ಲಿ ಯಾರೂ ಒಪ್ಪುತ್ತಲೂ ಇರಲಿಲ್ಲ. ವರ್ಗವನ್ನು ಮೂರು ತಿಂಗಳು ಮುಂದೆ ಹಾಕಿ ಎಂದು ಅರ್ಜಿ ಕೊಡುವುದಕ್ಕೆ ಅವಕಾಶವಿತ್ತು. ಕೊಟ್ಟೆ ಎಂದಿದ್ದ ಡೋರ್ಸಿ. ವಾರ ಕಳೆದ ಮೇಲೆ ಅವಳ ಬೆನ್ನ ಮೇಲೆ ಕೈಯಿಟ್ಟು, ಕ್ಯಾಪ್ಟನ್ ಒಪ್ಪಲಿಲ್ಲ, ನಾನಾದರೂ ಏನು ಮಾಡಲಿ ಎಂದಿದ್ದ. ಆ ಕೈಯನ್ನು ನೆನೆದು ಅವಳು ಎರಡು ದಿನ ಅವನ ಮೇಲೆ ಮರುಕಪಟ್ಟಿದ್ದಳು.

ಮೂರನೆಯ ದಿನ ಕ್ಯಾಪ್ಟನ್ನರಿಗೆ ಕಾಗದ ಬರೆದಳು. ಇಲ್ಲ ಎಂದವರಿಗೂ ಥ್ಯಾಂಕ್ಸ್ ಹೇಳಿ ಬರೆಯಬೇಕು, ಗಂಡನ ಬಡ್ತಿಗೆ ಹೆಂಡತಿಯ ಕೈಬರಹವೂ ಬೇಕು ಎಂದು ಪಡೆಯ ಹೆಂಡತಿಯರ ಸಂಘದ ಹಿರಿಯರು ಅವಳಿಗೆ ಮದುವೆಯಾದ ಹೊಸದರಲ್ಲೇ ಕಲಿಸಿದ್ದರು. ನನ್ನ ಒಂಬತ್ತು ವಾರದ ಸಲುವಾಗಿ ಡೋರ್ಸಿ ಕೊಟ್ಟ ಅರ್ಜಿಯನ್ನು ನೋಡಿದಿರಲ್ಲ, ಅದೇ ದೊಡ್ಡದು ಎಂದು ಬರೆದಳು. ನಿಂಬೆಹಣ್ಣಿನ ಕೇಕಿನ ಜೊತೆ ಆಫೀಸಿಗೆ ಕೊಟ್ಟುಬಂದಳು.

ಬಾಗಿಲು ತೆರೆದ ಸದ್ದಾಯಿತು. ಡೋರ್ಸಿ ಬೂಟು ಕಳಚದೆ ಒಳಗೆ ಬಂದು ಜೇಬಿನಿಂದ ಆ ಕಾಗದವನ್ನೇ ತೆಗೆದು ಟವೆಲಿನ ಮೇಲೆ ಎಸೆದ. ಟೆಸ್ಸಿ ಕುರ್ಚಿಯಿಂದ ಮೆಲ್ಲಗೆ ಇಳಿದಳು.

ಕ್ಯಾಪ್ಟನ್ ಅದನ್ನು ಇಬ್ಬರು ಸಾರ್ಜೆಂಟರ ಎದುರಿಗೆ ಅವನ ಕೈಯಲ್ಲೇ ಗಟ್ಟಿಯಾಗಿ ಓದಿಸಿದರಂತೆ. ಆಮೇಲೆ, ನಾನು ತಿರಸ್ಕರಿಸಿದ ಅರ್ಜಿ ಯಾವುದಪ್ಪ, ಸ್ವಲ್ಪ ನೆನಪು ಮಾಡಿಕೊಡು ಎಂದರಂತೆ. ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಪಡೆ ಅವನನ್ನು 'ಒಂಬತ್ತು ವಾರ' ಎಂದೇ ಕರೆಯುತ್ತಿತ್ತು. ಇಷ್ಟನ್ನು ಹೇಳುವಾಗ ಅವನ ಕಿವಿಗಳು ಕೆಂಪಗಾಗಿದ್ದವು. ಅವಮಾನವಾದದ್ದು ತನಗೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

"ಅರ್ಜಿ ಹಾಕ್ಲೇ ಇಲ್ವಾ ನೀನು?" ಎಂದಳು ಮರ್ಲೀನ್.

ಅವನು ಫ್ರಿಜ್ಜಿನಿಂದ ಬಿಯರ್ ತೆಗೆದ. "ಹಾಕ್ಲಿಲ್ಲ. ಅಲಾಸ್ಕಾ ನಾನೇ ಕೇಳಿ ತಗೊಂಡಿದ್ದು. ಈಗ ಗೊತ್ತಾಯ್ತಲ್ಲ, ಸಮಾಧಾನ ಆಯ್ತಾ?"

ಅವಳು ಕಾಗದ ಬಿದ್ದು ಚದುರಿದ ಕ್ಲಿಪ್ಪುಗಳನ್ನು ಮತ್ತೆ ಸಾಲಿಗೆ ಇಟ್ಟಳು. ಅದು ಅವನನ್ನು ಇನ್ನಷ್ಟು ಕೆರಳಿಸಿತು.

"ಕ್ಯಾನ್ಸಸ್ಸಲ್ಲಿ ಹಲ್ಲಿನ ಆಸ್ಪತ್ರೆ ಕೋರ್ಸು ಅಂದೆ. ಜಾರ್ಜಿಯಾದಲ್ಲಿ ಔಷಧಿ ಅಂಗಡಿದು ಅಂದೆ. ಯಾವುದನ್ನ ಮುಗಿಸಿದೀಯಾ ನೀನು? ಒಂದು ಹೇಳು."

"ಎರಡು ಸಲಾನೂ ನಿಂಗೆ ವರ್ಗ ಆಯ್ತು."

"ಹೂಂ, ಆಯ್ತು."

"ಅವೂ ನೀನೇ ಕೇಳಿ ತಗೊಂಡಿದ್ದಾ?"

ಡೋರ್ಸಿ ಬಿಯರ್ ಡಬ್ಬಿಯ ಅಂಚನ್ನು ಹೆಬ್ಬೆರಳಿನಿಂದ ಒರೆಸಿದ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದ. ಅಷ್ಟರಲ್ಲಿ ಅವಳಿಗೆ ಉತ್ತರ ಸಿಕ್ಕಿಹೋಗಿತ್ತು.

"ನಮ್ಮ ಪಡೇಲಿ ಆ ವೀಲನ್ ಅಂತ ಒಬ್ಬ ಇದ್ನಲ್ಲ, ಅವನ ಹೆಂಡ್ತಿ ನರ್ಸ್ ಆದ್ಲು," ಎಂದ ಅವನು, ದನಿ ತಗ್ಗಿಸಿ, ಪಾಠ ಹೇಳುವವನ ಹಾಗೆ. "ಈಗ ಅವನು ಜರ್ಮನಿಯಲ್ಲಿ ಒಬ್ನೇ ಕೂತು ಡಬ್ಬಿ ಊಟ ತಿಂತಾನೆ. ಕೈಗೊಂದು ಕೆಲ್ಸ ಬಂದ್ಮೇಲೆ ನೀನೂ ನನ್ನ ಹಿಂದೆ ಬರ್ತಿದ್ಯಾ? ಹುಚ್ಚು ಹಿಡಿದಿದ್ಯಾ ನಂಗೆ, ನಾನೇ ಕಾಸು ಕೊಡಿಸಿ ಹೆಂಡ್ತೀನ ಕಳ್ಕೊಳ್ಳೋಕೆ?"

ಆಮೇಲೆ ಅವನು ಒಂದು ಹಾಳೆ, ಪೆನ್ನು ತಂದು ಅವಳ ಮುಂದಿಟ್ಟ. ಕ್ಯಾಪ್ಟನ್ನರಿಗೆ ಇನ್ನೊಂದು ಕಾಗದ ಬರೆಯಬೇಕಿತ್ತು. ಅವನೇ ಹೇಳಿದ, ಅವಳು ಬರೆದಳು. ನನ್ನ ಗಂಡ ಹೇಳಿದ್ದನ್ನು ನಾನು ತಪ್ಪಾಗಿ ತಿಳಿದುಕೊಂಡೆ. ನಾನು ಸ್ವಲ್ಪ ಭಾವುಕಳು. ತಮ್ಮ ಸಮಯ ಹಾಳು ಮಾಡಿದ್ದಕ್ಕೆ ಕ್ಷಮೆಯಿರಲಿ. 'ಭಾವುಕಳು' ಎಂಬುದರ ಹಿಂದಿನ 'ಸ್ವಲ್ಪ'ವನ್ನು ಹೊಡೆದುಹಾಕಿಸಿ, ಹೊಸ ಹಾಳೆಯಲ್ಲಿ ಮತ್ತೆ ಮೊದಲಿನಿಂದ ಬರೆಸಿದ.

ಊಟಕ್ಕೆ ಕೂತಾಗ ಟೆಸ್ಸಿ ಅರ್ಧ ತಿಂದು ತಟ್ಟೆ ತಳ್ಳಿದಳು. ಪೂರ್ತಿ ತಿನ್ನು ಎಂದಳು ಮರ್ಲೀನ್. "ನೀನೇನು ಎಲ್ಲಾ ಮುಗಿಸ್ತೀಯಾ?" ಎಂದಿತು ಮಗು. ಡೋರ್ಸಿ ನಕ್ಕು ಮಗಳ ತಲೆ ನೇವರಿಸಿದ.

ಮರುದಿನ ಮರ್ಲೀನ್ ಆ ಕಾಗದವನ್ನು ತಾನೇ ಆಫೀಸಿಗೆ ಕೊಂಡೊಯ್ದಳು. ಗುಮಾಸ್ತ ತೆಗೆದುಕೊಳ್ಳುತ್ತ, ಈ ಸಲ ಕೇಕ್ ಇಲ್ವಾ ಮೇಡಂ ಎಂದ. ಇಲ್ಲ ಎಂದು ಹೇಳಿ ಅಲ್ಲಿಂದ ನೇರ ಆಸ್ಪತ್ರೆಗೆ ಹೋದಳು. ಅಂದು ಒಂದು ಪಿತ್ತಕೋಶ, ಎರಡು ಹರ್ನಿಯಾ. ಎಂಬತ್ತೇಳು. ಕೈ ಒಂದು ಸಲವೂ ತಡವರಿಸಲಿಲ್ಲ. ಕೈಗವಸು ಕಳಚುವಾಗ ಜೊತೆಗೆ ಓದುವ ಯೊಲಾಂಡಾ ತನ್ನ ತಮ್ಮನನ್ನು ಬೈಯುತ್ತಿದ್ದಳು: ನಮ್ಮನೆ ಗ್ಯಾರೇಜಿನ ಮೇಲಿನ ಕೋಣೆ ಬಿಟ್ಟುಹೋದ, ಬಾಡಿಗೆಗೆ ಒಬ್ಬ ನರಪಿಳ್ಳೆಯೂ ಇಲ್ಲ, ಸ್ನಾನದ ಮನೆಯಲ್ಲಿ ನಿಂತು ಕೈ ಚಾಚಿದರೆ ಒಲೆ ಸಿಗುತ್ತದೆ, ಯಾರು ಬರ್ತಾರೆ ಹೇಳು. ಹೌದಾ, ಬಾಡಿಗೆ ಎಷ್ಟು ಎಂದಳು ಮರ್ಲೀನ್. ಹೊರಡುವಾಗ ಕೋರ್ಸಿನ ಮೇಡಂ ಮುಂದಿನ ವಾರದ ಶಸ್ತ್ರಕ್ರಿಯೆಗಳ ಪಟ್ಟಿ ಹಿಡಿದು, ನಿನ್ನ ಹೆಸರು ತೆಗೆಯಲಾ, ಹೋಗ್ತೀಯಂತಲ್ಲ ಎಂದು ಕೇಳಿದರು. ಸದ್ಯಕ್ಕೆ ಇರಲಿ ಎಂದಳು.

ಬುಧವಾರ ಸಂಜೆ ಡೋರ್ಸಿ ವಾಸದ ಕೋಣೆಯ ನಡುವೆ ನಿಂತು ಪಟ್ಟಿ ಓದಿ ಹೇಳುತ್ತಿದ್ದ. ಮರುದಿನ ಬೆಳಿಗ್ಗೆ ಎಂಟಕ್ಕೆ ಸೈನ್ಯದ ಕಡೆಯ ಸಾಮಾನು ಕಟ್ಟುವವರು ಬರುವವರಿದ್ದರು. ಅವರು ಕಣ್ಣಿಗೆ ಬಿದ್ದದ್ದನ್ನೆಲ್ಲ ಕಟ್ಟುತ್ತಾರೆ. ಕ್ಯಾನ್ಸಸ್ಸಿನಲ್ಲಿ ಕಸದ ಬುಟ್ಟಿಯನ್ನು ಕಸದ ಸಮೇತ ಕಟ್ಟಿದ್ದರು, ಎರಡು ತಿಂಗಳ ಮೇಲೆ ಅದು ಜಾರ್ಜಿಯಾದಲ್ಲಿ ತೆರೆದುಕೊಂಡಿತ್ತು. ಅದಕ್ಕೇ ಆ ಸೈನಿಕ ಬಡಾವಣೆಯಲ್ಲಿ ಎಲ್ಲರೂ ಜೊತೆಗೆ ಒಯ್ಯುವುದನ್ನೆಲ್ಲ ಸ್ನಾನದ ಮನೆಯ ತೊಟ್ಟಿಯಲ್ಲಿ ಪೇರಿಸಿ, ಬಾಗಿಲಿಗೆ 'ಕಟ್ಟಬೇಡಿ' ಎಂದು ಚೀಟಿ ಅಂಟಿಸುತ್ತಿದ್ದರು. ಡೋರ್ಸಿಯ ಸಮವಸ್ತ್ರ, ಪದಕಗಳ ಡಬ್ಬಿ, ಮೀನು ಹಿಡಿಯುವ ಗಾಳ, ಆದೇಶದ ಪ್ರತಿಗಳು ಆಗಲೇ ತೊಟ್ಟಿ ತುಂಬಿದ್ದವು. ಉಳಿದ ಕೆಲಸ ಅವಳಿಗೆ ಹೇಳಿ ಅವನು ಗೆಳೆಯರ ಬೀಳ್ಕೊಡುಗೆಗೆ ಹೋದ. ಅವರು ಅವನಿಗೆ 'ಒಂಬತ್ತು ವಾರ' ಎಂದು ಬರೆದ ಟೋಪಿ ಹೊಲಿಸಿದ್ದಾರಂತೆ. ಈಗ ಅವನಿಗೂ ಅದು ನಗುವ ವಿಷಯವಾಗಿತ್ತು.

ಮರ್ಲೀನ್ ಸ್ನಾನದ ಮನೆಗೆ ಚೀಟಿ ಅಂಟಿಸಿದಳು. ಅದೇ ಅಕ್ಷರದಲ್ಲಿ ಇನ್ನೊಂದು ಚೀಟಿ ಬರೆದಳು.

ಹಿಂಬಾಗಿಲ ಪಕ್ಕ ವಾಷಿಂಗ್ ಮೆಷಿನ್ ಇಡುವ ಸಣ್ಣ ಗೂಡಿಗೆ ಡೋರ್ಸಿ ಎಂದೂ ಕಾಲಿಟ್ಟವನಲ್ಲ. ಆ ಎರಡನೆಯ ಚೀಟಿಯನ್ನು ಅದರ ಬಾಗಿಲಿಗೆ ಅಂಟಿಸಿದಳು. ಅಲ್ಲಿಗೆ ತನ್ನ ಹಸಿರು ಉಡುಪು, ರಬ್ಬರ್ ತಳದ ಬಿಳಿ ಬೂಟು, ದಪ್ಪ ಪುಸ್ತಕ, ಟೆಸ್ಸಿಯ ಶಾಲೆಯ ದಾಖಲೆ, ಲಸಿಕೆಯ ಕಾರ್ಡು, ಎರಡು ಹೊದಿಕೆ ಒಯ್ದಿಟ್ಟಳು. ಮತ್ತೆ ಅಡುಗೆಮನೆಗೆ ಬಂದು ಕಪಾಟಿನಿಂದ ತಟ್ಟೆ ತೆಗೆದಳು. ರೂಢಿಯಂತೆ ಕೈಗೆ ಮೂರು ಬಂದವು. ಎರಡನ್ನು ಹೊದಿಕೆಯಲ್ಲಿ ಸುತ್ತಲು ಬದಿಗಿಟ್ಟಳು. ಒಂದನ್ನು ಮತ್ತೆ ಕಪಾಟಿನಲ್ಲಿಟ್ಟು, ಕಟ್ಟುವವರಿಗೆ ಸುಲಭವಾಗಿ ಕಾಣುವಂತೆ ಅಂಚಿಗೆ ಸರಿಸಿದಳು.