ಪಕ್ಕದಲ್ಲಿದ್ದ ಉಸಿರು

ಮೊದಲ ಕರೆ ಬಂದಾಗ ತನುಜಾ ಹೊಸನಗರದ ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ತಿಂಡಿಗೆ ಕೂತಿದ್ದಳು. ಗೊತ್ತಿಲ್ಲದ ನಂಬರು. ಹಲೋ ಅಂದಳು, ಉತ್ತರವಿಲ್ಲ. ಬರೀ ಉಸಿರು. ಎಳೆದುಕೊಂಡಾಗ ಸಣ್ಣಗೆ ಸಿಳ್ಳೆ ಹೊಡೆದಂತೆ, ಬಿಟ್ಟಾಗ ಒಳಗೆಲ್ಲೋ ಕಫ ಅಲುಗಿದಂತೆ. ಅದು ಯಾರ ಉಸಿರೆಂದು ಅವಳಿಗೆ ಗೊತ್ತಿತ್ತು. ಹೆಸರು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಏನನ್ನಿಸಿತೋ, ತಡೆದುಕೊಂಡು ಫೋನ್ ಇಟ್ಟಳು.

ಸಾಗರದಿಂದ ಬರುವ ಪತ್ರಿಕೆಯೊಂದಕ್ಕೆ ಅವಳು ಹೊಸನಗರದ ವರದಿಗಾರ್ತಿ. ಮಳೆಗಾಲಕ್ಕೆ ಮುಂಚೆ ಅಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಸಿಬ್ಬಂದಿಯನ್ನೆಲ್ಲ ಕೂರಿಸಿ, ಬಾಗಿಲು ಹಾಕಿಕೊಂಡು ಸಭೆ ನಡೆದಿತ್ತು. ನಗರ ಎಂಬ ಊರಿನ ಹತ್ತಿರ ಹಕ್ಲುಮನೆ ಅನ್ನುವ ಕೇರಿಯ ಹಿಂದಿನ ಗುಡ್ಡ ಬಿರುಕು ಬಿಟ್ಟಿದೆ, ಜೋರು ಮಳೆ ಹಿಡಿದರೆ ಜಾರುತ್ತದೆ ಎಂದು ಪರಿಶೀಲನೆಗೆ ಬಂದವರು ಹೇಳಿದ್ದರು. ಹೊಸ ರಸ್ತೆಯ ಉದ್ಘಾಟನೆ ಮುಗಿಯುವ ತನಕ ಯಾರೂ ಬಾಯಿ ಬಿಡಕೂಡದು ಎಂದು ಸಾಹೇಬರು ಮುಕುಂದಯ್ಯ ತಾಕೀತು ಮಾಡಿದ್ದರು. ಆ ಮಾತೆಲ್ಲ ಒಬ್ಬರ ಅಂಗಿ ಜೇಬಿನ ಫೋನಿನಲ್ಲಿ ರೆಕಾರ್ಡ್ ಆಗಿತ್ತು. ಅವರು ಅದೇ ಕಚೇರಿಯ ಇಂಜಿನಿಯರ್ ಧರ್ಮಪ್ಪ. ಉಬ್ಬಸದ ಮನುಷ್ಯ, ಸಾಹೇಬರಿಗೆ ಮಾತ್ರ ಅದು ಗೊತ್ತಿರಲಿಲ್ಲ. ಎಲ್ಲರ ಮಾತಿಗಿಂತ ಮುಂದೆ ಅವರ ಎದೆಯ ಸಿಳ್ಳೆಯೇ ಅದರಲ್ಲಿ ಕೇಳುತ್ತಿತ್ತು.

ಕೋಣಂದೂರಿನ ಸಂತೆಯ ಗದ್ದಲದಲ್ಲಿ ಅದನ್ನು ಅವಳ ಫೋನಿಗೆ ದಾಟಿಸಿ, "ನಾ ಯಾವತ್ತೂ ಫೋನ್ ಮಾಡಲ್ಲ, ನೀವೂ ಮಾಡ್ಬೇಡಿ. ನನ್ನ ಹೆಸರು ನಿಮ್ಮ ಬಾಯಲ್ಲಿ ಬರಬಾರ್ದು ಮೇಡಂ" ಅಂದಿದ್ದರು. ಅವಳು ಮಾತು ಕೊಟ್ಟಿದ್ದಳು.

ಸುದ್ದಿ ಪತ್ರಿಕೆಯಲ್ಲಿ ಬಂತು. ಕೇರಿಯವರನ್ನು ಶಾಲೆಗೆ ಸಾಗಿಸಿದರು. ಆಷಾಢದಲ್ಲಿ ಗುಡ್ಡ ಜಾರಿ ಖಾಲಿ ಮನೆಗಳ ಮೇಲೆ ಕೂತಿತು. ಒಬ್ಬರಿಗೂ ಏನೂ ಆಗಲಿಲ್ಲ. ಮುಚ್ಚಿಟ್ಟದ್ದೇಕೆ ಎಂದು ಮೇಲಿನವರು ಮುಕುಂದಯ್ಯನವರನ್ನು ಕೇಳಿದರು. ಕರೆಗಳು ಶುರುವಾದದ್ದು ಆಮೇಲೆ.

ಪ್ರತಿ ಸಲ ಬೇರೆ ನಂಬರು, ಅದೇ ಉಸಿರು. ಧರ್ಮಪ್ಪನವರನ್ನು ಯಾರಾದರೂ ಹಿಡಿದು ಕೂರಿಸಿ ಬಾಯಿಗೆ ಫೋನ್ ಒತ್ತುತ್ತಿದ್ದಾರಾ? ವಿಚಾರಿಸುವ ಹಾಗಿಲ್ಲ. ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಸಿಳ್ಳೆ ಕೇಳಿದಂತಾಗಿ ತಿರುಗಿದರೆ ಸೀಟು ಖಾಲಿ. ಸ್ನಾನಕ್ಕೆ ನೀರು ಹೊಯ್ದುಕೊಳ್ಳುವಾಗಲೂ ಕಿವಿಯ ಹತ್ತಿರ ಯಾರೋ ಉಸಿರಾಡಿದಂತೆ.

ಒಂದು ಮಧ್ಯಾಹ್ನ ಅವಳು ಫೋನ್ ಇಡಲಿಲ್ಲ, ಕೇಳುತ್ತಲೇ ನಿಂತಳು. ಸಿಳ್ಳೆಯ ನಡುವೆ ಕುರ್ಚಿ ಎಳೆದ ಸದ್ದು, ಹಿಂದೆಯೇ ಯಾರೋ ಗಂಟಲು ಸರಿಮಾಡಿಕೊಂಡದ್ದು. ವರದಿ ಬರೆಯುವಾಗ ಮತ್ತೆಮತ್ತೆ ಕೇಳಿದ್ದ ಸದ್ದು ಅದು. ಆ ತುದಿಯಲ್ಲಿ ಉಸಿರಾಡುತ್ತಿದ್ದುದು ಮನುಷ್ಯರಲ್ಲ, ಧರ್ಮಪ್ಪ ಕೊಟ್ಟ ರೆಕಾರ್ಡಿಂಗ್. ಅದನ್ನು ಕೇಳಿಸಿ, ಅವಳು ಗಾಬರಿಯಲ್ಲಿ ಹೆಸರು ಹಿಡಿದು ಕರೆಯಲಿ ಎಂದು ಯಾರೋ ಕಾಯುತ್ತಿದ್ದರು.

ಆ ರೆಕಾರ್ಡಿಂಗನ್ನು ಅವಳು ಕೊಟ್ಟಿದ್ದು ಸಂಪಾದಕ ತೀರ್ಥೇಶರಿಗೆ ಮಾತ್ರ. ಅವತ್ತೇ ಸಾಗರಕ್ಕೆ ಹೋದಳು. ತೀರ್ಥೇಶ್ ತಲೆ ಎತ್ತಲಿಲ್ಲ. ಮುಕುಂದಯ್ಯನವರಿಗೆ ಅದನ್ನು ಕೊಡಲು ಪತ್ರಿಕೆಯ ಮಾಲೀಕರ ಒತ್ತಾಯವಿತ್ತಂತೆ.

"ಶುರುವಿನ ಚೂರು ಅಷ್ಟೇ ಕೊಟ್ಟೆ ತನುಜಾ. ಅದ್ರಲ್ಲಿ ಯಾರ ಮಾತೂ ಇಲ್ಲ."

"ಉಸಿರಿದೆ ಸರ್" ಅಂದು ಅವಳು ಎದ್ದುಬಂದಳು.

ಮರುವಾರ ಆ ಕಚೇರಿಯಲ್ಲಿ ಆರೋಗ್ಯ ತಪಾಸಣೆ ಇಟ್ಟರು. ಸಿಬ್ಬಂದಿಯೆಲ್ಲ ಕಡ್ಡಾಯವಾಗಿ ಬರಬೇಕು, ಎಲ್ಲರ ಎದೆ ಪರೀಕ್ಷೆ. ಅದು ಯಾತಕ್ಕೆಂದು ಸುದ್ದಿ ಕೇಳಿದ ಕೂಡಲೇ ತನುಜಾಳಿಗೆ ಹೊಳೆಯಿತು. ಧರ್ಮಪ್ಪನವರನ್ನು ಎಚ್ಚರಿಸಲು ಹೋದರೆ ಅವರನ್ನು ತಾನೇ ತೋರಿಸಿಕೊಟ್ಟ ಹಾಗೆ. ವರದಿಗೆಂದು ಹೋಗಿ ಹಾಲ್‌ನ ಬೆಂಚಿನ ಮೇಲೆ ಕೂತಳು.

ಡಾಕ್ಟರ ಪಕ್ಕದಲ್ಲೇ ಮುಕುಂದಯ್ಯ. ಅವರ ಒಂದು ಕಿವಿಯಲ್ಲಿ ಇಯರ್‌ಫೋನ್ ಇತ್ತು. ಒಬ್ಬೊಬ್ಬರು ಮುಂದೆ ಬಂದು ಉಸಿರೆಳೆದಾಗಲೂ ಅವರು ಕಣ್ಣು ಮುಚ್ಚಿ, ಎರಡು ಕಿವಿಯ ಸದ್ದನ್ನು ಹೋಲಿಸಿ ನೋಡುತ್ತಿದ್ದರು. ಧರ್ಮಪ್ಪ ಸಾಲಿನ ನಡುವೆ ನಿಂತಿದ್ದರು. ಹೆದರಿಕೆಗೆ ಅವರ ಎದೆ ಆಗಲೇ ಹಾಡತೊಡಗಿತ್ತು, ಬೆಂಚಿನ ತನಕ ಕೇಳುತ್ತಿತ್ತು. ತನುಜಾ ಎಲ್ಲೆಲ್ಲೋ ನೋಡಿದಳು, ಆ ಕಡೆ ಮಾತ್ರ ನೋಡಲಿಲ್ಲ.

ಅಷ್ಟರಲ್ಲಿ ಸಾಲಿನ ಮುಂದಿದ್ದ ಅಟೆಂಡರ್ ಹೂವಮ್ಮ ಉಸಿರೆಳೆದಳು. ಸಿಳ್ಳೆ. ಅವಳ ಹಿಂದಿದ್ದ ಡ್ರೈವರ್ ದುಗ್ಗಪ್ಪನಿಂದಲೂ ಅದೇ. ಆಮೇಲೆ ಸಾಲಿನ ಕೊನೆಯಿಂದ, ಗೋಡೆಯ ಕಡೆಯಿಂದ. ಯಾರೂ ಯಾರ ಮುಖವನ್ನೂ ನೋಡಲಿಲ್ಲ, ಯಾರೂ ನಗಲಿಲ್ಲ. ಹಾಲ್ ತುಂಬ ಒಂದೇ ಎದೆ ಉಸಿರಾಡಿದ ಹಾಗಿತ್ತು. ಇದರಲ್ಲಿ ಧರ್ಮಪ್ಪನವರದು ಯಾವುದೆಂದು ತನುಜಾಳಿಗೂ ತಿಳಿಯಲಿಲ್ಲ. ಡಾಕ್ಟರು ಸ್ಟೆತಸ್ಕೋಪನ್ನು ಕಿವಿಯಿಂದ ತೆಗೆದರು. ಮುಕುಂದಯ್ಯ ಬಿಳಿಚಿಕೊಂಡು ಎದ್ದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಕರೆಗಳು ಅಂದಿಗೆ ನಿಂತವು. ಮಳೆಗಾಲ ಮುಗಿಯುವಷ್ಟರಲ್ಲಿ ಮುಕುಂದಯ್ಯನವರಿಗೆ ವರ್ಗವಾಯಿತು. ತನುಜಾ ಆ ಪತ್ರಿಕೆ ಬಿಟ್ಟು ತೀರ್ಥಹಳ್ಳಿಯ ವಾರಪತ್ರಿಕೆ ಸೇರಿದಳು.

ಕಚೇರಿಯಲ್ಲಿ ಅವರಿಗೆಲ್ಲ ಹೇಗೆ ಗೊತ್ತಾಯಿತು? ತಾನು ಹೇಳಿಲ್ಲ, ಧರ್ಮಪ್ಪ ಹೇಳುವವರಲ್ಲ. ತಡೆಯಲಾರದೆ ಒಮ್ಮೆ ಹೂವಮ್ಮನನ್ನೇ ಕೇಳಿದಳು. ಹೂವಮ್ಮ ಲೋಟಗಳಿಗೆ ಟೀ ಸುರಿಯುತ್ತಿದ್ದಳು.

"ಎಂತದು ಮೇಡಂ? ಅವತ್ತು ನಂಗೆ ಶೀತ ಆಗಿತ್ತು" ಅಂದು, ಒಂದು ಲೋಟ ಅವಳ ಮುಂದಿಟ್ಟು ಒಳಗೆ ಹೋದಳು.