ಇರುಸಿ

ತಮಿಳು ಸೀಮೆಯಲ್ಲಿ ಮಾಸಿ ತಿಂಗಳು, ಚಳಿ ಮುಗಿಯುವ ಕಾಲ. ಕಣದಲ್ಲಿ ಹಂಡೆಗಟ್ಟಲೆ ಅರಿಶಿನ ಬೇಯುತ್ತಿತ್ತು. ಸಾವಿನ ಮನೆಯ ಹಿತ್ತಿಲಲ್ಲಿ ಹೆಂಗಸರು ಸೀರೆ ಮರೆಮಾಡಿ ಪಾವಾಯಿಯ ಮೈ ತೊಳೆಯುತ್ತಿದ್ದರು.

“ಐವತ್ತೆಂಟು ವರ್ಷದವಳು, ಕಂಕುಳಲ್ಲಿ ಒಂದೆಳೆ ಕೂದಲಿಲ್ಲ ನೋಡ್ರೇ. ಎಳೇ ಮಗು ಇದ್ದಂಗಿದೆ,” ಎಂದಳು ಮುದುಕಿ ಕುಪ್ಪಾಯಿ.

“ಹೊಟ್ಟೆ ನೋಡಿದ್ರೆ ತುಂಬಿದ ಬಸುರಿ!”

ಯಾರೋ ಕಿಸಕ್ಕನೆ ನಕ್ಕು ಬಾಯಿಗೆ ಸೆರಗಿಟ್ಟುಕೊಂಡರು.

ಪಾವಾಯಿಯ ತಂಗಿ ಮಾರಾಯಿ ನೀರು ಹೊಯ್ಯುತ್ತಿದ್ದಳು. ಹೊಟ್ಟೆಯಲ್ಲಿದ್ದದ್ದು ಗೆಡ್ಡೆ. ಮೈನೆರೆಯದೆ ಉಳಿದ ಹೆಣ್ಣನ್ನು ಆ ಸೀಮೆಯಲ್ಲಿ ಇರುಸಿ ಅನ್ನುತ್ತಾರೆ. ಅಕ್ಕನನ್ನು ಹೆಸರು ಹಿಡಿದು ಕರೆದವರಿಗಿಂತ ಹಾಗೆ ಕರೆದವರೇ ಹೆಚ್ಚು.

ಮಾರಾಯಿಯ ಕಣ್ಣು ಮರೆಯಾಚೆ ನಿಂತ ಮಗಳು ತೇನ್ಮೊಳಿಯ ಮೇಲಿತ್ತು. ಹದಿನಾರು ತುಂಬಿ, ತಾಯಿಗಿಂತ ಗೇಣುದ್ದ ಬೆಳೆದಿದ್ದಳು. ಮುಟ್ಟು ಮಾತ್ರ ಬಂದಿರಲಿಲ್ಲ. ಎರಡು ವರ್ಷದ ಹಿಂದೆ, ಊರ ಬಾಯಿಗೆ ಹೆದರಿ ಮಾರಾಯಿ ಕೋಳಿರಕ್ತ ಹಚ್ಚಿದ ಲಂಗ ತೋರಿಸಿ ಮಗಳು ದೊಡ್ಡವಳಾದಳೆಂದು ಸಾರಿದ್ದಳು. ಅಣ್ಣ ಪೊನ್ನುರಂಗಂ ಸೋದರಮಾವನಾಗಿ ಹಸಿರು ಗರಿಯ ಗುಡಿಸಲು ಕಟ್ಟಿ, ಸೀರೆ ಹೊದಿಸಿ, ಹುಡುಗಿ ತನ್ನ ಮಗನಿಗೇ ಎಂದು ಮಾತು ಕೊಟ್ಟಿದ್ದ. ನಿಜ ಬಲ್ಲವರು ಮೂವರೇ. ಅವರಲ್ಲೊಬ್ಬಳು ಈಗ ಹಲಗೆಯ ಮೇಲೆ ಮಲಗಿದ್ದಳು.

*

ನಾಲ್ಕು ತಿಂಗಳ ಹಿಂದೆ, ಐಪ್ಪಸಿಯಲ್ಲಿ, ಪಾವಾಯಿ ಯಾರಿಗೂ ಹೇಳದೆ ಹುಡುಗಿಯನ್ನು ಬಸ್ಸು ಹತ್ತಿಸಿ ದೊಡ್ಡಾಸ್ಪತ್ರೆಗೆ ಕರೆದೊಯ್ದಿದ್ದಳು. ಸ್ಕ್ಯಾನ್ ನೋಡಿ, ರಕ್ತಪರೀಕ್ಷೆಗೆ ಬರೆದು, ಡಾಕ್ಟರಮ್ಮ ಕೇಳಿದ್ದರಂತೆ: “ಮನೇಲಿ ಹೀಗೆ ಬೇರೆ ಯಾರಾದ್ರೂ ಇದ್ದಾರಾ?”

ಪಾವಾಯಿ ಶಾಲೆ ಮಕ್ಕಳ ಹಾಗೆ ಕೈಯೆತ್ತಿದಳಂತೆ. “ನಾನಿದೀನಲ್ಲಮ್ಮ.”

ಅಂದು ಸಂಜೆ ಅವಳು ತಂಗಿಯನ್ನು ಕೂರಿಸಿಕೊಂಡು ಹೇಳಿದ್ದಳು: “ಶಾಪ ಅಲ್ವಂತೆ ಕಣೇ. ಹುಟ್ಟುವಾಗ್ಲೇ ಗರ್ಭಕೋಶ ಇಲ್ಲ. ಒಳಗೆ ಬೇರೆ ಗ್ರಂಥಿ ಇದೆಯಂತೆ, ನೋಡ್ಕೊಳ್ದೆ ಬಿಟ್ರೆ ವಯಸ್ಸಾದ್ಮೇಲೆ ಗೆಡ್ಡೆ ಆಗ್ಬಹುದು. ನನಗಾಗಿದೆ. ಇವಳು ಹೆಣ್ಣೇ, ಹೆಣ್ಣಾಗೇ ಬಾಳ್ತಾಳೆ. ವರದಿ ಬಂದ್ಮೇಲೆ ತಿರುಗಿ ಕರ್ಕೊಂಡು ಬನ್ನಿ ಅಂದ್ರು.”

“ಅಣ್ಣನಿಗೆ ಏನಂತ ಹೇಳ್ಲಿ? ಕೋಳಿ ಕೊಯ್ದೆ ಅಂತ್ಲಾ?”

ಆಸ್ಪತ್ರೆಯ ಚೀಟಿ ಅಕ್ಕಿ ಡಬ್ಬದ ತಳ ಸೇರಿತು. ಹೋಗಬೇಕಾಗಿದ್ದ ದಿನ ಕಳೆದು ಮೂರು ತಿಂಗಳಾಗಿತ್ತು.

*

“ಸುಡೋದಾ, ಹೂಳೋದಾ?” ಹೆಣವನ್ನು ಅಂಗಳಕ್ಕೆ ತಂದು ಮಲಗಿಸಿದ ಮೇಲೆ ಯಾರೋ ಕೇಳಿದರು.

“ಮೈನೆರೆಯದವಳು ಮಗುವಿನ ಲೆಕ್ಕ. ಹೂಳೋದೇ,” ಎಂದ ಪೊನ್ನುರಂಗಂ. “ಏನಂತೀಯ ಮಾರಾಯಿ?”

ಮೂರು ಜನರ ಗೇಮೆಯನ್ನು ಒಬ್ಬಳೇ ಗೇದ ಅಕ್ಕ ಮಗುವಿನ ಲೆಕ್ಕಕ್ಕೆ ಸೇರುವುದನ್ನು ಮಾರಾಯಿ ತಲೆಯಾಡಿಸಿ ಒಪ್ಪಿದಳು. ಬಾಯಿ ತೆರೆದರೆ ಎಲ್ಲ ಹೊರಗೆ ಬರುತ್ತಿತ್ತು.

“ಹಂಗಾದ್ರೆ ಬಾಯಿಗೆ ಹಾಲು ಬಿಡೋಕೆ ನೆರೆಯದ ಹುಡುಗೀನೇ ಆಗ್ಬೇಕು,” ಕುಪ್ಪಾಯಿ ಹಾಲಿನ ಚೊಂಬು ಹಿಡಿದು ಸುತ್ತ ನೋಡಿದಳು. “ಯಾವುದಾದ್ರೂ ಚಿಕ್ಕದನ್ನ ಕರೀರೇ.”

ತೇನ್ಮೊಳಿ ಮುಂದೆ ಬಂದು ಹೆಣದ ತಲೆದೆಸೆಯಲ್ಲಿದ್ದ ಬಟ್ಟಲು ಎತ್ತಿಕೊಂಡಳು.

“ನೀನಲ್ಲ ಕಂದ, ಮದುವಣಗಿತ್ತಿ! ನೀನು ನೆರೆದಾಗಿನ ಆರತಿಯೂಟ ನಾನೇ ಎರಡು ಸಲ ಬಡಿಸ್ಕೊಂಡಿಲ್ವಾ? ಸರಿ ಹಿಂದಕ್ಕೆ.”

ಹೆಂಗಸರು ನಕ್ಕರು. ಹುಡುಗಿ ಸರಿಯಲಿಲ್ಲ.

“ದೊಡ್ಡಮ್ಮನಿಗೆ ನಾನೇ ಬಿಡ್ಬೇಕು ಅಜ್ಜಿ,” ಎಂದಳು, ತಾಯಿಯನ್ನೇ ನೋಡುತ್ತ.

ನಗು ನಿಂತಿತು. ಪೊನ್ನುರಂಗಂ ಎದ್ದು ನಿಂತ. “ಏನೇ ಇದು ಮಾರಾಯಿ?”

ದುಃಖಕ್ಕೆ ಏನೋ ಅಂತಾಳೆ ಬಿಡಣ್ಣ, ಅಂದಿದ್ದರೆ ಸಾಕಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಮಾರಾಯಿ ಅಣ್ಣನ ಕಡೆ ತಿರುಗಲಿಲ್ಲ. ಕುಪ್ಪಾಯಿಯ ಕೈಯಿಂದ ಚೊಂಬು ತೆಗೆದುಕೊಂಡು ಮಗಳ ಬಟ್ಟಲಿಗೆ ಹೊಯ್ದಳು. ಬಟ್ಟಲು ತುಂಬಿ, ಹಾಲು ಹುಡುಗಿಯ ಮೊಣಕೈವರೆಗೆ ಇಳಿದರೂ ಚೊಂಬು ನೆಟ್ಟಗಾಗಲಿಲ್ಲ.